ಹೊಲಿಯುವವಳ ಕೈಗೆ ಚಾಕು ಕೊಟ್ಟದ್ದು

ಹೋದ ತಿಂಗಳು ನನ್ನ ನೋಟ್‌ಪುಸ್ತಕದ ಬೆನ್ನು ಬಿಟ್ಟುಕೊಂಡಿತು. ನಾವು ಮಾಡುತ್ತಿರುವ ಆಟದ ನಿಯಮಗಳನ್ನೆಲ್ಲ ಬರೆದಿಟ್ಟುಕೊಂಡಿರುವ ದಪ್ಪ ಪುಸ್ತಕ ಅದು. ಕಂಪ್ಯೂಟರಿನಲ್ಲೇ ಬರೆದುಕೊಳ್ಳಬಾರದಾ ಎಂದು ಎಲ್ಲರೂ ಬೈಯುತ್ತಾರೆ, ನಾನು ಕಿವಿಗೆ ಹಾಕಿಕೊಂಡಿಲ್ಲ. ಅಂಗಡಿಯ ಗೋಂದು ತಂದು ಹಚ್ಚಿದೆ, ಎರಡೇ ದಿನಕ್ಕೆ ಮತ್ತೆ ಹಾಳೆ ಉದುರಿದವು. ಸಿಟ್ಟು ಬಂತು. ಒಂದು ಹಳೆಯ ಡಬ್ಬವನ್ನು ಒಲೆಯ ಮೇಲಿಟ್ಟು, ನೀರಿಗೆ ಮೈದಾ ಕದಡಿ, ಗಟ್ಟಿಯಾಗುವ ಹೊತ್ತಿಗೆ ಒಂದು ಚಿಟಿಕೆ ಮೈಲುತುತ್ತ ಹಾಕಿದೆ. ಅಂಟಿಗೆ ಹುಳ ಹಿಡಿಯಬಾರದೆಂದು ಹಾಕುವ ನೀಲಿ ಪುಡಿ. ಇದನ್ನು ಹೇಳಿಕೊಟ್ಟವರು ಯಾರು ಎಂದು ಆ ಕ್ಷಣ ಯೋಚಿಸಲೂ ಇಲ್ಲ, ಕೈ ತನ್ನಷ್ಟಕ್ಕೆ ಮಾಡುತ್ತಿತ್ತು. ಆಮೇಲೆ ಆವಿ ಮೂಗಿಗೆ ಬಂತು. ಬೆಂದ ಮೈದಾ, ತೊಳೆಯದ ತಾಮ್ರದ ಚೊಂಬಿನಂಥ ಒಗರು, ಅದರಡಿಯಲ್ಲಿ ಒಂಚೂರು ಹುಳಿ... ಕಡ್ಡಿ ಹಿಡಿದವಳು ಹಾಗೇ ನಿಂತುಬಿಟ್ಟೆ. ಅಂಟು ತಳ ಹಿಡಿಯಿತು.

ಆ ವಾಸನೆ ಗುಂಡ್ಲುಪೇಟೆಯದು. ನಮ್ಮ ಬಾಡಿಗೆ ಮನೆಯ ಪಕ್ಕದಲ್ಲಿ ಒಂದು ಬೈಂಡಿಂಗ್ ಅಂಗಡಿಯಿತ್ತು. ಮುಂದುಗಡೆ ಅಂಗಡಿ, ಹಿಂದುಗಡೆ ಮನೆ, ನಡುವೆ ಒಂದು ಹಸಿರು ಪರದೆ. ಮುಂದೆ ಕುಳಿತು ರಟ್ಟು ಕತ್ತರಿಸಿ ಬಟ್ಟೆ ಅಂಟಿಸುತ್ತಿದ್ದವರು ಚಾಚಾ. ಪರದೆಯ ಹಿಂದೆ ಚಾಪೆಯ ಮೇಲೆ ಕಾಲು ಚಾಚಿ ಕುಳಿತು, ಹಾಳೆ ಮಡಚಿ, ಕಂತೆ ಕಂತೆಯಾಗಿ ಹೊಲಿಯುತ್ತಿದ್ದವರು ಚಾಚಿ. ನಾನು ನೆನೆಯುತ್ತಿರುವುದು ಅವರನ್ನು. ಬೋರ್ಡಿನ ಮೇಲೆ ಇದ್ದದ್ದು ಚಾಚಾನ ಹೆಸರು. ಪುಸ್ತಕ ತೆಗೆದುಕೊಂಡು ಹೋಗುವವರೆಲ್ಲ ಮೇಲಿನ ಬಟ್ಟೆಯನ್ನು ಸವರಿ ಚೆನ್ನಾಗಿದೆ ಎನ್ನುತ್ತಿದ್ದರು. ಪುಸ್ತಕ ಬಿಡಿಸಿ ಒಳಗಿನ ಹೊಲಿಗೆ ನೋಡಿದವರನ್ನು ನಾನಂತೂ ಕಾಣಲಿಲ್ಲ.

ಚಾಚಿ ತೆಳ್ಳಗಿದ್ದರು, ಬಾಯಿ ಮಾತ್ರ ಬಲು ಜೋರು. ಮನೆಯಲ್ಲಿ ಉರ್ದು, ನಮ್ಮೊಡನೆ ಅಪ್ಪಟ ಗುಂಡ್ಲುಪೇಟೆ ಕನ್ನಡ. ಉರ್ದು ಓದಿ ಬರೆಯುತ್ತಿದ್ದರು, ಕನ್ನಡ ಅಕ್ಷರ ಗೊತ್ತಿರಲಿಲ್ಲ. ಊರಿನ ಅರ್ಧದಷ್ಟು ಶಾಲೆಗಳ ಪುಸ್ತಕಗಳು ಅವರ ಮಡಿಲಲ್ಲೇ ಬಿದ್ದಿರುತ್ತಿದ್ದವು, ಒಂದನ್ನೂ ಅವರು ಓದಲಾರರು. ಅದಕ್ಕವರು ನಗುತ್ತಿದ್ದರು. "ಅಡುಗೆ ಮಾಡೋಳು ಎಲ್ಲಾನೂ ತಿಂದೇ ನೋಡ್ಬೇಕಾ ಅಮ್ಮಿ" ಎನ್ನುತ್ತಿದ್ದರು. ನಮ್ಮ ಕಡೆ ಹುಡುಗಿಯರನ್ನು ಅಮ್ಮಿ ಎಂದೇ ಕರೆಯುವುದು.

ನಾನೀಗ ಇರುವುದು ಚಾಮರಾಜನಗರದಲ್ಲಿ. ಹಗಲು ಬದನಗುಪ್ಪೆಯ ಒಂದು ಕಾರ್ಖಾನೆಯಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತೇನೆ. ಸಂಜೆ ಒಂದು ಹಿಟ್ಟಿನ ಗಿರಣಿಯ ಮೇಲಿನ ಕೋಣೆಯಲ್ಲಿ ಮೂರು ಜನ ಸೇರಿ ವಿಡಿಯೊ ಗೇಮ್ ಮಾಡುತ್ತೇವೆ. ಕೋಡ್ ಬರೆಯುವವನು ಪ್ರದೀಪ. ಚಿತ್ರ ಬರೆಯುವವಳು ಚಂದಕವಾಡಿಯ ಹುಡುಗಿ. ನಿಯಮ, ಕತೆ ನನ್ನದು. ಮೇಜಿನ ಸುತ್ತ ಕುಳಿತು, ಒಬ್ಬರು ಕತೆ ಹೇಳುತ್ತ, ಉಳಿದವರು ಕತೆಯೊಳಗಿನ ಪಾತ್ರವಾಗುತ್ತ, ದಾಳ ಹಾಕಿ ಆಡುವ ಆಟಗಳಿವೆಯಲ್ಲ, ಆ ಬಗೆಯದನ್ನೇ ಕಂಪ್ಯೂಟರ್ ಪರದೆಯ ಮೇಲೆ ತಂದದ್ದು. ಅದರಲ್ಲಿ ಪ್ರತಿ ಪಾತ್ರಕ್ಕೂ ಒಂದೊಂದು ಕಸುಬು. ಆಡುವವರು ಅದನ್ನು ಕ್ಲಾಸ್ ಎನ್ನುತ್ತಾರೆ. ಒಬ್ಬನದು ಏಟು ತಡೆಯುವ ಕ್ಲಾಸ್, ಒಬ್ಬಳದು ದೂರದಿಂದ ಹೊಡೆಯುವ ಕ್ಲಾಸ್, ಹೀಗೆ. ಹೊಡೆದಾಟದಲ್ಲಿ ಯಾರೂ ದಂಡವಾಗಬಾರದು, ಆದರೆ ಯಾರೂ ಇನ್ನೊಬ್ಬರಂತೆಯೂ ಆಗಬಾರದು. ಇದಿಷ್ಟೇ ನನ್ನ ಕೆಲಸ. ಹೇಳುವುದಕ್ಕೆ ಸುಲಭ, ಮಾಡಲು ಹೋದರೆ ತಲೆ ಚಿಟ್ಟು ಹಿಡಿಯುತ್ತದೆ.

ಈ ಕೆಲಸಕ್ಕೆ ನಾನು ಬಿದ್ದದ್ದು ಚಾಚಿಯ ಚಾಪೆಯ ಮೇಲೆ.

ಊಟಿಗೆ ಹೋಗುತ್ತಿದ್ದ ಕಾರಿನವನೊಬ್ಬ ಟೀ ಕುಡಿಯಲು ನಿಲ್ಲಿಸಿದ್ದಾಗ ಬೈಂಡಿಂಗ್ ಬೋರ್ಡು ನೋಡಿ ಒಂದು ಪುಸ್ತಕ ಕೊಟ್ಟುಹೋದನಂತೆ. ಇಂಗ್ಲಿಷಿನದು, ಇಟ್ಟಿಗೆಯಷ್ಟು ಭಾರ, ಬೆನ್ನು ಪೂರ್ತಿ ಸೀಳಿತ್ತು. ವಾಪಸ್ ಬರುವಾಗ ತೆಗೆದುಕೊಳ್ಳುತ್ತೇನೆ ಎಂದವನು ಬರಲೇ ಇಲ್ಲ. ಚಾಚಿ ಹೊಲಿದರು, ಚಾಚಾ ಕಂದು ಬಟ್ಟೆ ಹಾಕಿದರು, ಪುಸ್ತಕ ಗೂಡಿನಲ್ಲಿ ಕೂತಿತು. ಒಂದು ಮಳೆಗಾಲ ಕಳೆಯಿತು. ಹೊಲಿಯುವಾಗಲೇ ಚಾಚಿ ಅದರ ಚಿತ್ರ ನೋಡಿದ್ದರು. ಗುರಾಣಿ ಹಿಡಿದವರು, ಬಿಲ್ಲು ಹಿಡಿದವರು, ರೆಕ್ಕೆಯ ಮೃಗಗಳು, ಪುಟಪುಟವೂ ಅಂಕಿಗಳ ಕೋಷ್ಟಕ, ಇಪ್ಪತ್ತು ಮುಖದ ದಾಳದ ಚಿತ್ರ. ಇದೇನೆಂದು ತಿಳಿಯುವ ಆಸೆ ಅವರಿಗೆ.

ನಾನಾಗ ಏಳನೇ ಕ್ಲಾಸು, ಇಂಗ್ಲಿಷ್ ಮೀಡಿಯಂ. ಒಂದು ಭಾನುವಾರ ಮಧ್ಯಾಹ್ನ ಪರದೆ ಸರಿಸಿ ನನ್ನನ್ನು ಕರೆದರು. "ಬಾ ಅಮ್ಮಿ ಇಲ್ಲಿ. ಇಂಗ್ಲಿಷ್ ಇಸ್ಕೂಲ್‌ಗೆ ಓಯ್ತೀಯಲ್ಲ, ಇದ್ರಲ್ಲಿ ಏನದೆ ಓದೇಳು."

ತೆರೆದು ನೋಡಿದರೆ ಒಂದು ಸಾಲೂ ಅರ್ಥವಾಗಲಿಲ್ಲ. ನಮ್ಮ ಇಂಗ್ಲಿಷ್ ಮೀಡಿಯಮ್ಮಿನ ಹಣೆಬರಹ ಅಷ್ಟೇ ಇತ್ತು. ಆದರೆ ಗೊತ್ತಿಲ್ಲ ಎನ್ನಲು ನನ್ನ ಬಾಯಿ ಬರಲಿಲ್ಲ. ಪಕ್ಕದಲ್ಲಿ ಅವರ ಮಗಳು ಶಾಹೀನ್ ಕೂತಿದ್ದಳು, ಉರ್ದು ಶಾಲೆಯವಳು, ನನ್ನದೇ ವಯಸ್ಸು, ನನ್ನ ಜೀವದ ಗೆಳತಿ. ಬಾಗಿಲ ಹತ್ತಿರ ನಮ್ಮಣ್ಣ ನಿಂತಿದ್ದ. ಅವರೆದುರು ಮರ್ಯಾದೆ ಉಳಿಯಬೇಕಲ್ಲ. ಸಾಲಿನ ಮೇಲೆ ಬೆರಳಿಟ್ಟುಕೊಂಡು, ಗಂಭೀರವಾಗಿ ಕೆಮ್ಮಿ, ಬಾಯಿಗೆ ಬಂದದ್ದನ್ನು ಓದಿದೆ. ಇದು ಆಟ ಚಾಚಿ. ಒಬ್ಬರು ಕತೆ ಹೇಳ್ಬೇಕು, ಮಿಕ್ಕವರು ಕತೆ ಒಳಗಡೆ ಇರ್ಬೇಕು. ಅಷ್ಟನ್ನು ಚಿತ್ರ ನೋಡಿ ಊಹಿಸಿದ್ದೆ. ಕಸುಬುಗಳ ಪುಟ ಬಂತು, ಉದ್ದುದ್ದ ಕೋಷ್ಟಕ. ಬೆವರು ಬಂತು. "ಒಬ್ರ ಕೆಲ್ಸ ಇನ್ನೊಬ್ರು ಮಾಡಂಗಿಲ್ಲ, ಮಾಡಿದ್ರೆ ಔಟ್ ಅಂತ ಬರ್ದದೆ" ಎಂದುಬಿಟ್ಟೆ.

ಚಾಚಿಯ ಸೂಜಿ ನಿಂತಿತು. ಆ ಮಾತನ್ನು ಅವರು ಎರಡು ಸಲ ಹೇಳಿಸಿದರು. ಮುಖ ಅರಳಿತ್ತು. "ಬರ್ದೋನು ಬೈಂಡಿಂಗ್ ಕೆಲ್ಸ ಮಾಡ್ದೋನೇ ಇರ್ಬೇಕು ಕಣಮ್ಮಿ" ಎಂದರು.

ಹಾಗೆ ಶುರುವಾಯಿತು. ಇಪ್ಪತ್ತು ಮುಖದ ದಾಳ ಗುಂಡ್ಲುಪೇಟೆಯಲ್ಲಿ ಎಲ್ಲಿಂದ ಬರಬೇಕು. ಚಾಚಿ ರಟ್ಟಿನ ಚೂರುಗಳಲ್ಲಿ ಇಪ್ಪತ್ತು ಬಿಲ್ಲೆ ಕತ್ತರಿಸಿ, ಒಂದರಿಂದ ಇಪ್ಪತ್ತರವರೆಗೆ ನನ್ನ ಕೈಯಲ್ಲಿ ಬರೆಸಿ, ಬಿಸ್ಕತ್ತಿನ ಡಬ್ಬಕ್ಕೆ ಹಾಕಿದರು. ಡಬ್ಬ ಕುಲುಕಿ, ಕಣ್ಣು ಮುಚ್ಚಿ ಒಂದು ತೆಗೆಯಬೇಕು. ದೊಡ್ಡ ಅಂಕಿ ಬಂದರೆ ಏಟು ಬಿತ್ತು, ಸಣ್ಣದು ಬಂದರೆ ತಪ್ಪಿತು. ಆಟಗಾರರಿಗೆ ಹೆಬ್ಬೆರಳಷ್ಟು ರಟ್ಟಿನ ಗೊಂಬೆಗಳು. ಅಣ್ಣ ಕಾವಲುಗಾರ, ಅವನು ಏಟು ತಡೆಯುವವನು. ನಾನು ಬಿಲ್ಲುಗಾರ್ತಿ. ಶಾಹೀನ್‌ಗೆ ಯಾವುದು ಎಂದಾಗ ನಾನು ವೈದ್ಯೆಯ ಚಿತ್ರ ತೋರಿಸಿದೆ. ಚಾಚಿ ತಲೆಯಾಡಿಸಿದರು. "ಅದ್ ಬ್ಯಾಡ. ಇವ್ಳು ಒಲಿಯೋಳು."

ಹೊಲಿಯುವವಳು ಯಾರನ್ನೂ ಹೊಡೆಯುವಂತಿರಲಿಲ್ಲ. ಅವಳ ಹತ್ತಿರ ಇದ್ದದ್ದು ಕೆಂಪು ದಾರ. ನಿಜವಾದ ದಾರವೇ, ಜೇನುಮೇಣ ಸವರಿದ್ದು. ಅದನ್ನು ಇಬ್ಬರ ಗೊಂಬೆಗೆ ಸುತ್ತಿದರೆ ಒಬ್ಬರ ಮೇಲೆ ಬಿದ್ದ ಏಟು ಇಬ್ಬರಿಗೂ ಅರ್ಧರ್ಧ ಹಂಚಿಹೋಗುತ್ತಿತ್ತು. ಸಾಯಬೇಕಾದವರು ಬದುಕಿಕೊಳ್ಳುತ್ತಿದ್ದರು. ಆದರೆ ದಾರ ಸುತ್ತಿಕೊಂಡವರು ಒಬ್ಬರನ್ನೊಬ್ಬರು ಬಿಟ್ಟು ಹೋಗುವಂತಿಲ್ಲ. ಅಣ್ಣ ಮುಂದೆ ನುಗ್ಗಿದರೆ ನಾನೂ ಹಿಂದೆಯೇ ಎಳೆದುಕೊಂಡು ಹೋಗುತ್ತಿದ್ದೆ, ಬೈದುಕೊಂಡು.

ಕತೆಯಂತೂ... ಅದನ್ನು ನಾನು ಹೇಗೆ ಹೇಳಲಿ. ನಮ್ಮೂರ ಪಕ್ಕದ ಮದ್ದೂರು ಕಾಡಿನ ಆಚೆ ಯಾರೂ ನೋಡದ ಒಂದು ಕಣಿವೆ, ಅಲ್ಲಿ ನೀರಿನ ಬಾಯಿ ಕಟ್ಟಿ ಮಲಗಿರುವ ಬೆಂಕಿ ಉಸಿರಿನ ಒಂದು ಕಾಟಿ, ಅಂದರೆ ಕಾಡುಕೋಣ. ಅದನ್ನು ಎಬ್ಬಿಸದೆ ನೀರು ಬರುವುದಿಲ್ಲ, ಎಬ್ಬಿಸಿದರೆ ನಾವು ಉಳಿಯುವುದಿಲ್ಲ. ಚಾಚಿ ಹೊಲಿಗೆ ನಿಲ್ಲಿಸದೆ ಹೇಳುತ್ತಿದ್ದರು. ದಬ್ಬಳ ಕಾಗದದೊಳಗೆ ಹೋಗುವಾಗ ಮಾತು ನಿಲ್ಲುತ್ತಿತ್ತು, ದಾರ ಎಳೆಯುವಾಗ ಮುಂದುವರಿಯುತ್ತಿತ್ತು. ದಾರವನ್ನು ಹಲ್ಲಿನಿಂದ ಕಚ್ಚಿ ತುಂಡು ಮಾಡಿದರೆ ಏನೋ ಗ್ರಹಚಾರ ಕಾದಿದೆ ಎಂದೇ ಲೆಕ್ಕ. ಅವರ ಕೈ ಬಾಯಿಯ ಹತ್ತಿರ ಹೋದರೆ ಸಾಕು, ನಾವು ಮೂವರೂ ಉಸಿರು ಬಿಗಿಹಿಡಿಯುತ್ತಿದ್ದೆವು.

ಆರೇಳು ತಿಂಗಳು ಆಡಿದೆವು. ನನಗೆ ವಾರವೆಂದರೆ ಭಾನುವಾರ ಮಾತ್ರವಾಗಿತ್ತು. ಕಾಟಿಯ ಹತ್ತಿರ ನಾಲ್ಕು ಸಲ ಹೋಗಿ ನಾಲ್ಕು ಸಲವೂ ಸೋತು ಓಡಿಬಂದಿದ್ದೆವು. ಆದರೆ ಸೋತು ಬಂದ ಸಂಜೆಗಳೇ ಚೆನ್ನಾಗಿದ್ದವು. ಯಾರು ಯಾರಿಗೆ ದಾರ ಹಾಕಬೇಕಿತ್ತು, ಯಾರು ಮೊದಲು ಓಡಬಾರದಿತ್ತು ಎಂದು ಬೀದಿಯಲ್ಲಿ ನಿಂತು ಜಗಳವಾಡುತ್ತಿದ್ದೆವು.

ಕೆಟ್ಟದ್ದು ಅಣ್ಣನ ಬಾಯಿಂದ. ಒಂದು ಭಾನುವಾರ ಅವನು ತಾನು ಹೊಡೆದ ಮೃಗಗಳನ್ನು ಬೆರಳಲ್ಲೆಣಿಸಿ ಹೇಳಿ, ಶಾಹೀನ್ ಕಡೆ ತಿರುಗಿ, "ನೀನು ಎಷ್ಟ್ ಒಡ್ದೆ? ಸೊನ್ನೆ. ಸುಮ್ನೆ ನಮ್ ಇಂದೆ ಬತ್ತಿಯಾ ಅಷ್ಟೇಯ" ಎಂದ. ಶಾಹೀನ್ ಮುಖ ಸಣ್ಣದಾಯಿತು. ಅವಳ ಕಣ್ಣಲ್ಲಿ ನೀರು ತುಂಬಿದ್ದು ನನಗೆ ಕಂಡಿತು. ಚಾಚಿಗೂ ಕಂಡಿರಬೇಕು, ಅವರು ಸುಮ್ಮನೆ ಹೊಲಿಯುತ್ತಿದ್ದರು.

ನನಗೆ ತಡೆಯಲಾಗಲಿಲ್ಲ. ಪುಸ್ತಕ ಎತ್ತಿಕೊಂಡು ಹಾಳೆ ಮಗುಚಿದೆ. ಎಲ್ಲೋ ಒಂದು ಕಡೆ ಬೆರಳಿಟ್ಟು, ಹೊಲಿಯುವವಳು ಚಾಕು ಇಟ್ಟುಕೊಳ್ಳಬಹುದು, ಬಾಣದಷ್ಟೇ ಜೋರಾಗಿ ಹೊಡೆಯಬಹುದು ಎಂದು ಓದಿದೆ.

"ಬುಕ್ಕಲ್ಲಿ ಅಂಗೇ ಅದಾ?" ಎಂದರು ಚಾಚಿ.

"ಊಂ ಚಾಚಿ. ಅಂಗೇ ಅದೆ."

ಅವರು ನನ್ನನ್ನು ನೋಡಿದರು. ಬಹಳ ಹೊತ್ತು ನೋಡಿದರು ಎಂದು ಈಗ ಅನ್ನಿಸುತ್ತದೆ, ಆಗ ಅಷ್ಟಿರಲಿಲ್ಲವೇನೋ. ಆಮೇಲೆ, "ಬುಕ್ಕಲ್ಲಿ ಇದ್ರೆ ಸರಿ ಬುಡು" ಎಂದು ದಾರ ಕಚ್ಚಿದರು.

ಶಾಹೀನ್ ಆ ದಿನ ಎರಡು ತೋಳ ಹೊಡೆದಳು. ಅವಳ ನಗು ನೋಡಿ ನನಗೆ ಬಹಳ ಖುಷಿಯಾಯಿತು. ಸುಳ್ಳು ಹೇಳಿದ್ದೇ ಸರಿ ಎನ್ನಿಸಿತು. ಆದರೆ ಮುಂದಿನ ವಾರ ಅಣ್ಣ ಮುಖ ಊದಿಸಿಕೊಂಡ. ಅವಳಿಗೆ ಎರಡು ಕೆಲಸ, ತನಗೆ ಒಂದೇ ಎಂದು ತಕರಾರು. ನ್ಯಾಯವೇ ಅಲ್ಲವೇ. ಪುಸ್ತಕ ತೆರೆದು ಕಾವಲುಗಾರನಿಗೆ ಈಟಿ ಎಸೆಯುವ ವಿದ್ಯೆ ಕೊಟ್ಟೆ. ಆಗ ದೂರದಿಂದ ಹೊಡೆಯುವುದು ನನ್ನೊಬ್ಬಳದೇ ಎಂಬ ಹೆಮ್ಮೆ ಹೋಯಿತು, ನನಗೆ ಹೊಟ್ಟೆ ಉರಿಯಿತು. ನನಗೊಂದು ಗುರಾಣಿ ಓದಿಕೊಂಡೆ. ಪ್ರತಿ ಭಾನುವಾರ ಯಾರಾದರೊಬ್ಬರು ಗೊಣಗುವುದು, ನಾನು ಪುಸ್ತಕದಲ್ಲಿ ಒಂದು ನಿಯಮ ಕಂಡುಹಿಡಿಯುವುದು. ನ್ಯಾಯವೆಂದರೆ ಎಲ್ಲರಿಗೂ ಒಂದೇ ಎಂದುಕೊಂಡಿದ್ದೆ. ಚಾಚಿ ಪ್ರತಿ ಸಲವೂ ಕೇಳುತ್ತಿದ್ದದ್ದು ಅದೇ ಪ್ರಶ್ನೆ, ಬುಕ್ಕಲ್ಲಿ ಅಂಗೇ ಅದಾ. ನಾನು ಕೊಡುತ್ತಿದ್ದದ್ದು ಅದೇ ಉತ್ತರ.

ಐದನೇ ಸಲ ಕಾಟಿಯ ಹತ್ತಿರ ಹೋದಾಗ ಮೂವರ ಕೈಯಲ್ಲೂ ಎಲ್ಲ ಇತ್ತು. ಒಬ್ಬರಾದ ಮೇಲೊಬ್ಬರು ಡಬ್ಬಕ್ಕೆ ಕೈ ಹಾಕಿದೆವು, ಹೊಡೆದೆವು, ಹತ್ತು ನಿಮಿಷದಲ್ಲಿ ಕಾಟಿ ಸತ್ತುಹೋಯಿತು. ಯಾರೂ ಯಾರನ್ನೂ ಕರೆಯಲಿಲ್ಲ, ಯಾರೂ ಯಾರಿಗೂ ಕಾಯಲಿಲ್ಲ. ಕೆಂಪು ದಾರ ಉಂಡೆಯಾಗಿ ಚಾಪೆಯ ಅಂಚಿನಲ್ಲಿ ಬಿದ್ದಿತ್ತು. ಏಳು ತಿಂಗಳು ಕನಸಿನಲ್ಲೂ ಕಾಡಿದ ಮೃಗ ಸತ್ತಾಗ ನಾವು ಕುಣಿಯಬೇಕಿತ್ತು. ಅಣ್ಣ ಆಕಳಿಸಿದ.

"ಆಯ್ತಲ್ಲ, ಗೆದ್ಬುಟ್ರಿ" ಎಂದರು ಚಾಚಿ. ದಾರವನ್ನು ಎತ್ತಿ ಬೆರಳಿಗೆ ಸುತ್ತಿಕೊಳ್ಳುತ್ತ, "ಇನ್ನೊಂದ್ ಕತೆ ಅದೆ. ಬರೋ ಬಾನ್ವಾರ ಬನ್ನಿ, ಓಗನ" ಎಂದರು.

ಆ ಭಾನುವಾರ ಅಣ್ಣ ಕ್ರಿಕೆಟ್ಟಿಗೆ ಹೋದ. ನಾನು ಅಮ್ಮ ಹೇಳಿದ ಸಾಮಾನಿಗೆಂದು ಹೊರಟಾಗ ಚಾಚಿ ಅಂಗಡಿಯ ಬಾಗಿಲಲ್ಲೇ ಇದ್ದರು. ಅವರು ಪರದೆ ದಾಟಿ ಮುಂದೆ ಬಂದು ನಿಲ್ಲುತ್ತಿದ್ದದ್ದು ಅಪರೂಪ. ಕೈಯಲ್ಲಿ ಬಿಸ್ಕತ್ತಿನ ಡಬ್ಬ. ನನ್ನನ್ನು ನೋಡಿ ಅದನ್ನು ಸ್ವಲ್ಪ ಕುಲುಕಿದರು, ಬಾ ಎನ್ನುವಂತೆ. ನಾನು ನೋಡಲೇ ಇಲ್ಲವೆಂಬಂತೆ ಮುಖ ತಿರುಗಿಸಿಕೊಂಡು ಹೋದೆ. ಯಾಕೆ ಹಾಗೆ ಮಾಡಿದೆ... ಸುಳ್ಳು ಗೊತ್ತಾಗಿದೆ ಎಂಬ ಭಯವೋ, ಆಟ ಕೆಡಿಸಿದ್ದು ನಾನೇ ಎಂಬ ನಾಚಿಕೆಯೋ. ಎರಡೂ ಇದ್ದಿರಬೇಕು. ಆಮೇಲಿನ ಭಾನುವಾರಗಳಲ್ಲಿ ಅವರು ಬಾಗಿಲಿಗೆ ಬರಲಿಲ್ಲ. ಮುಂದಿನ ಬೇಸಿಗೆಯಲ್ಲಿ ಅಪ್ಪನಿಗೆ ಚಾಮರಾಜನಗರಕ್ಕೆ ವರ್ಗವಾಯಿತು. ಹೊರಡುವ ದಿನ ಚಾಚಿ ನನ್ನ ಶಾಲೆಯ ಪುಸ್ತಕಗಳಿಗೆಲ್ಲ ಹೊಸ ಬೆನ್ನು ಹಾಕಿ ಕೊಟ್ಟರು, ಅಂಟು ಕಾಯಿಸುವುದನ್ನು ಕೈಹಿಡಿದು ತೋರಿಸಿದರು. ಹೇಳಿಬಿಡೋಣ ಎಂದು ಬಾಯಿ ತೆರೆದೆ. ಪುಸ್ತಕಗಳನ್ನು ಎತ್ತಿಕೊಂಡು ಹೊರಟುಬಂದೆ.

ಆಮೇಲೆ ಎಷ್ಟೋ ವರ್ಷ ನಾನು ಹಿಂತಿರುಗಿ ಹೋಗಲಿಲ್ಲ. ಅಮೆರಿಕದಲ್ಲೇನೂ ಇರಲಿಲ್ಲ ನಾನು. ತೆರಕಣಾಂಬಿಯ ಮೇಲೆ ಹೋದರೆ ಒಂದೂವರೆ ಗಂಟೆಯ ಬಸ್ಸು.

ನಮ್ಮ ವಿಡಿಯೊ ಗೇಮಿನಲ್ಲಿ ಹೊಲಿಯುವವಳನ್ನು ನಾನು ಮೊದಲ ದಿನವೇ ಬರೆದಿದ್ದೆ. ಉಳಿದ ಕ್ಲಾಸ್‌ಗಳು ಎಷ್ಟೋ ಆಟಗಳಲ್ಲಿವೆ, ಇವಳು ನಮ್ಮಲ್ಲಿ ಮಾತ್ರ. ಚಂದಕವಾಡಿಯ ಹುಡುಗಿ ಅವಳಿಗೆ ಕಾಲು ಚಾಚಿ ಕೂರುವ ಭಂಗಿಯನ್ನೇ ಕೊಟ್ಟಿದ್ದಳು. ಆದರೆ ಆಡಿ ನೋಡಲು ಕೊಟ್ಟ ಸ್ನೇಹಿತರೆಲ್ಲ ಒಂದೇ ದೂರು ತಂದರು. "ಅಕ್ಕಾ, ಇವ್ಳನ್ನ ಯಾರೂ ತಗೊತಿಲ್ಲ ಕಣಕ್ಕಾ. ಒಡೆಯಂಗಿಲ್ಲ ಬಡಿಯಂಗಿಲ್ಲ, ಏನ್ ಮಾಡದು ಇವ್ಳನ್ನ ಕಟ್ಕೊಂಡು? ಒಂದ್ ಚಾಕು ಕೊಟ್ಬುಡನ, ಇಲ್ಲ ತೆಗ್ದಾಕ್ಬುಡನ" ಎಂದ ಪ್ರದೀಪ. ತಿಂಗಳ ಕೊನೆಗೆ ಆಟವನ್ನು ಮಾರಾಟಕ್ಕೆ ಬಿಡಬೇಕಿತ್ತು. ಅವಳನ್ನು ತೆಗೆದುಹಾಕಲು ನನ್ನ ಕೈ ಬರಲಿಲ್ಲ. ಚಾಕು ಕೊಟ್ಟೆ.

ಕೊಟ್ಟ ವಾರಕ್ಕೇ ಬಿಲ್ಲುಗಾರ್ತಿ ಸಪ್ಪೆ ಎಂದರು. ಅವಳ ಬಾಣ ಚುರುಕು ಮಾಡಿದೆ. ಕಾವಲುಗಾರನಿಗೆ ಮೋಸವಾಯಿತು ಎಂದರು. ಅವನಿಗೆ ಈಟಿ ಬರೆದೆ. ಈಟಿ ಎಂದು ಬರೆದು, ಪುಸ್ತಕ ಮುಚ್ಚಿ ಒತ್ತಿದಾಗಲೇ ಅದರ ಬೆನ್ನು ಬಿಟ್ಟುಕೊಂಡದ್ದು. ಅಷ್ಟಾದರೂ ನನಗೆ ಹೊಳೆಯಲಿಲ್ಲ ನೋಡಿ. ಅಂಟಿನ ಆವಿ ಮೂಗಿಗೆ ಬಂದಾಗ ಹೊಳೆಯಿತು. ಇಷ್ಟು ವರ್ಷದ ಮೇಲೆ, ಅದೇ ತಪ್ಪು, ಅದೇ ಕ್ರಮದಲ್ಲಿ. ಚಾಕು, ಈಟಿ, ಇನ್ನು ಗುರಾಣಿಯೊಂದು ಬಾಕಿ.

ಮುಂದಿನ ಭಾನುವಾರ ಬಸ್ಸು ಹತ್ತಿದೆ. ಚಾಚಿಯ ಎದುರು ಕೂತು, ನಾನು ಓದಿದ್ದೆಲ್ಲ ಸುಳ್ಳು ಚಾಚಿ ಎಂದು ಹೇಳಬೇಕು. ಹೊಲಿಯುವವಳನ್ನು ಚಾಕು ಇಲ್ಲದೆ ಉಳಿಸುವುದು ಹೇಗೆ ಎಂದು ಕೇಳಬೇಕು. ಬಿಳಿಗಿರಿರಂಗನ ಬೆಟ್ಟದ ಕಡೆಯವರಿಂದ ತರಿಸಿದ್ದ ಒಂದು ಉಂಡೆ ಜೇನುಮೇಣ ಚೀಲದಲ್ಲಿತ್ತು, ಅವರಿಗೆಂದು. ದಾರಿಯುದ್ದಕ್ಕೂ ಹಳದಿ ಚೆಂಡುಹೂವಿನ ಹೊಲಗಳು. ಹೇಗೆ ಶುರು ಮಾಡಲಿ ಎಂದು ಬಾಯಲ್ಲೇ ಹತ್ತು ಸಲ ಹೇಳಿಕೊಂಡೆ.

ಅಂಗಡಿಯಿತ್ತು. ಬೋರ್ಡು ಬೇರೆ, ಜೆರಾಕ್ಸ್, ಲ್ಯಾಮಿನೇಷನ್ ಎಂದು. ಮೆಷಿನ್ನಿನ ಹಿಂದೆ ನಿಂತಿದ್ದ ಹೆಂಗಸು ನನ್ನನ್ನು ನೋಡಿದಳು, ನಾನೂ ನೋಡಿದೆ. ಶಾಹೀನ್. ಕೌಂಟರ್ ದಾಟಿ ಬಂದು ನನ್ನ ಎರಡೂ ಕೈ ಹಿಡಿದುಕೊಂಡಳು. ನಾನು ಅವಳ ಭುಜದ ಮೇಲಿಂದ ಪರದೆಯ ಕಡೆ ನೋಡುತ್ತಿದ್ದೆ.

"ಅಮ್ಮ ಇಲ್ಲ ಕಣಮ್ಮಿ" ಎಂದಳು. "ಓಗ್ಬುಟ್ರು. ಒಂಬತ್ತು ತಿಂಗ್ಳಾಯ್ತು."

ಚಾಚಾ ಅದಕ್ಕೂ ಎರಡು ವರ್ಷ ಮುಂಚೆ ಹೋಗಿದ್ದರಂತೆ. ಒಂಬತ್ತು ತಿಂಗಳು. ಒಂಬತ್ತು ತಿಂಗಳ ಹಿಂದೆ ನಾನು ಏನು ಮಾಡುತ್ತಿದ್ದೆ... ಹೊಲಿಯುವವಳು ಹೇಗೆ ಕೂರುತ್ತಾಳೆ ಎಂದು ಚಿತ್ರ ಬರೆಯುವ ಹುಡುಗಿಗೆ ನೆಲದ ಮೇಲೆ ಕೂತು ತೋರಿಸುತ್ತಿದ್ದೆ. ಜೇನುಮೇಣದ ಪೊಟ್ಟಣವನ್ನು ಶಾಹೀನ್‌ಗೆ ಕೊಟ್ಟೆ. ಈಗ ಹೊಲಿಗೆಯ ಕೆಲಸ ಯಾರೂ ತರುವುದಿಲ್ಲ ಎಂದಳು. ಆದರೂ ಮೂಸಿ ನೋಡಿ, ಅಮ್ಮನ ದಬ್ಬಳ ಇಟ್ಟಿದ್ದ ಡಬ್ಬದ ಪಕ್ಕ ಇಟ್ಟಳು. ಒಳಗೆ ಅದೇ ಜಾಗದಲ್ಲಿ ಚಾಪೆ ಹಾಸಿ ಕೂರಿಸಿದಳು. ನನಗೆ ಹೇಳುವುದಿತ್ತು, ಕೇಳಬೇಕಾದವರು ಇರಲಿಲ್ಲ. ಅವಳಿಗೇ ಹೇಳಿದೆ. ಆ ಪುಸ್ತಕ ನನಗೆ ಒಂದು ಸಾಲೂ ಅರ್ಥವಾಗುತ್ತಿರಲಿಲ್ಲ, ಎಲ್ಲ ನಾನೇ ಕಟ್ಟಿದ್ದು, ನಿನ್ನ ಚಾಕು ಸಹ.

ಶಾಹೀನ್ ನಕ್ಕಳು. ನಗುವಾಗ ಥೇಟ್ ಚಾಚಿಯೇ. "ಅಮ್ಮಂಗೆ ಗೊತ್ತಿತ್ತು ಬುಡು."

ಪುಸ್ತಕವನ್ನು ನನ್ನ ಕೈಗೆ ಕೊಡುವ ಮುಂಚೆಯೇ ಚಾಚಿ ಅದನ್ನು ಶಾಹೀನಳ ಶಾಲೆಯ ಮೇಷ್ಟ್ರಿಗೆ ತೋರಿಸಿದ್ದರಂತೆ. ಅವರು ಎರಡು ದಿನ ಇಟ್ಟುಕೊಂಡು ಇದು ಇಂಥ ಆಟ, ಹೀಗೆ ಹೀಗೆ ಎಂದು ಉರ್ದುವಿನಲ್ಲಿ ವಿವರಿಸಿದ್ದರಂತೆ. ಒಬ್ಬರ ಕೆಲಸ ಇನ್ನೊಬ್ಬರು ಮಾಡುವಂತಿಲ್ಲ ಎಂಬುದು ಪುಸ್ತಕದಲ್ಲಿ ಎಲ್ಲೂ ಇರಲಿಲ್ಲ. ಮತ್ತೆ ನನ್ನ ಕೈಯಲ್ಲಿ ಓದಿಸಿದ್ದು ಯಾಕೆ ಎಂದೆ. "ನೀನು ಏನ್ ಏಳ್ತೀಯ ನೋಡನ ಅಂತ. ನಿನ್ ರೂಲೇ ಚೆಂದಾಗದೆ ಅಂದ್ರು, ಬುಕ್ಕಿಂದು ಬ್ಯಾಡ ಅಂದ್ರು."

"ಮತ್ತೆ ಚಾಕು ಕೊಟ್ಟಾಗ ಯಾಕೆ ಸುಮ್ಮನಿದ್ರು?"

ಶಾಹೀನ್ ಹತ್ತಿರ ಸರಿದು ಕೂತಳು. "ನಾನೂ ಅಮ್ಮನ್ನ ಕೇಳ್ದೆ, ದೊಡ್ಡೋಳಾದ್ಮೇಲೆ. 'ನಾನ್ ಬ್ಯಾಡ ಅಂದಿದ್ರೆ ನೀನು ಅತ್ಕೊಂಡು ಎದ್ದೋಗ್ತಿದ್ದೆ, ನಿನ್ ಗೆಳ್ತಿ ಸುಳ್ಳಿ ಅನ್ನುಸ್ಕೋತಿದ್ಲು. ಒಂದಿನ ಅವ್ಳೇ ಬ್ಯಾಡ ಅಂತಾಳೆ ಅಂತ ವಾರಾ ವಾರಾ ಕೇಳ್ತಿದ್ದೆ' ಅಂದ್ರು."

ಬುಕ್ಕಲ್ಲಿ ಅಂಗೇ ಅದಾ. ಅದು ಪ್ರಶ್ನೆಯಾಗಿರಲಿಲ್ಲ. ಪ್ರತಿ ವಾರ ನನಗೆ ಬಾಗಿಲು ತೆರೆದು ಹಿಡಿಯುತ್ತಿದ್ದರು, ನಾನು ಪ್ರತಿ ವಾರ ಮುಚ್ಚುತ್ತಿದ್ದೆ. ಅಲ್ಲೇ ಅತ್ತುಬಿಟ್ಟೆ. ಮುಂದೆ ಯಾರೋ ಆಧಾರ್ ಕಾರ್ಡ್ ಜೆರಾಕ್ಸ್ ಎಂದು ಕೂಗುತ್ತಿದ್ದರು, ಶಾಹೀನ್ ಏಳಲಿಲ್ಲ.

ಆಮೇಲೆ ಅವಳು ಗೂಡಿನಿಂದ ಹಳೆಯ ಸೀರೆಯಲ್ಲಿ ಸುತ್ತಿದ ಗಂಟೊಂದನ್ನು ಇಳಿಸಿದಳು. ಕಂದು ಬಟ್ಟೆಯ ಆ ಪುಸ್ತಕ, ಜೊತೆಗೊಂದು ಪುಟ್ಟ ಕೈಚೀಲ. ಪುಸ್ತಕ ನನಗೆ ಕೊಡುವಂತಿಲ್ಲ ಎಂದು ಮೊದಲೇ ಹೇಳಿದಳು, ಊಟಿಯ ಕಾರಿನವನು ಬಂದರೆ ವಾಪಸ್ ಮಾಡಬೇಕು, ಅಮ್ಮ ಹಾಗೆ ಹೇಳಿಹೋಗಿದ್ದಾರೆ. ಚೀಲ ಮಾತ್ರ ನಿನ್ನದು ಎಂದಳು. ಅದರೊಳಗೆ ಇಪ್ಪತ್ತು ಬಿಲ್ಲೆ, ಕೆಂಪು ದಾರ, ರಟ್ಟಿನ ಗೊಂಬೆಗಳು, ನಾಲ್ಕಾಗಿ ಮಡಚಿದ ಒಂದು ಉರ್ದು ಕಾಗದ. ನಾವು ಹೋಗದ ಆ ಭಾನುವಾರಕ್ಕೆಂದು ಚಾಚಿ ಬರೆದಿಟ್ಟ ಕತೆ.

ಶಾಹೀನ್ ಓದಿ ಕನ್ನಡದಲ್ಲಿ ಹೇಳಿದಳು. ಕಾಟಿ ಸತ್ತಿದೆ, ನೀರು ಬಂದಿದೆ, ಆದರೆ ಕಣಿವೆ ತುಂಬಿ ಮೂವರೂ ಬೇರೆ ಬೇರೆ ದಡದಲ್ಲಿ ಉಳಿದಿದ್ದಾರೆ. ಚಾಕು, ಈಟಿ, ಗುರಾಣಿ ನೀರಿನಲ್ಲಿ ಹೋಗಿವೆ. ಯಾರನ್ನೂ ಬೈದಿರಲಿಲ್ಲ, ಎಲ್ಲವನ್ನೂ ನೀರಿಗೆ ಕೊಟ್ಟಿದ್ದರು, ಅಷ್ಟೇ. ಹೊಲಿಯುವವಳಿಗೆ ಹೊಸದೊಂದು ವಿದ್ಯೆ ಕೊಟ್ಟಿದ್ದರು. ಅವಳು ದಾರ ಹಾಕಿದ ಇಬ್ಬರು ಒಂದೇ ಸಲಕ್ಕೆ ಒಟ್ಟಿಗೆ ಹೊಡೆಯಬಹುದು. ದಾರವಿಲ್ಲದೆ ಯಾರಿಗೂ ಅದು ಸಾಧ್ಯವಿಲ್ಲ. ಚಾಕು ಇಲ್ಲ, ಆದರೆ ಅವಳನ್ನು ಬಿಟ್ಟು ಯಾರೂ ದೊಡ್ಡ ಮೃಗವನ್ನು ಹೊಡೆಯಲಾರರು. ನಾನು ತಿಂಗಳುಗಟ್ಟಲೆ ತಲೆ ಕೆರೆದುಕೊಂಡದ್ದಕ್ಕೆ ಉತ್ತರ ಅಷ್ಟು ವರ್ಷದಿಂದ ಆ ಗೂಡಿನಲ್ಲಿತ್ತು.

ಚೀಲವನ್ನು ಚಾಪೆಯ ಮೇಲೆ ಸುರಿದಾಗ ಗೊಂಬೆಗಳು ನಾಲ್ಕು ಬಿದ್ದವು. ನಾವು ಆಡಿದ್ದು ಮೂರರಲ್ಲಿ. ಕಾವಲುಗಾರ, ಬಿಲ್ಲುಗಾರ್ತಿ, ಹೊಲಿಯುವವಳು. ನಾಲ್ಕನೆಯದು ಎರಡು ಜಡೆಯ ಹುಡುಗಿ, ಮಡಿಲಲ್ಲಿ ತೆರೆದ ಪುಸ್ತಕ. ಅವಳ ಜಡೆಗೆ ನನ್ನ ಶಾಲೆಯ ರಿಬ್ಬನ್ನಿನ ನೀಲಿ ಬಣ್ಣ ಬಳಿದಿತ್ತು.

"ಇದು ನಿಂಗೆ. ಬಿಲ್ಲುಗಾರ್ತಿ ಬುಟ್ಟು ಇದಾಗು ಅಂತ" ಎಂದಳು ಶಾಹೀನ್. ಕಾಗದದ ಕೊನೆಯ ಸಾಲಿನ ಮೇಲೆ ಬೆರಳಿಟ್ಟು ಓದಿದಳು. "ಓದೋಳು. ಬುಕ್ಕಲ್ಲಿ ಇಲ್ದೆ ಇರೋದನ್ನೂ ಓದಬಲ್ಲಳು. ಆದ್ರೆ ಒಂದು ಆಟಕ್ಕೆ ಒಂದೇ ಸಲ."

ಸಂಜೆಯ ಬಸ್ಸಿನಲ್ಲಿ ಹಿಂತಿರುಗಿದೆ. ಮರುದಿನ ಹೊಲಿಯುವವಳ ಚಾಕು ತೆಗೆದೆ, ಕಾವಲುಗಾರನ ಈಟಿ ತೆಗೆದೆ. ಚಾಚಿಯ ನಿಯಮವನ್ನು ಹಾಗೆಯೇ ಬರೆದುಕೊಟ್ಟೆ. ಪ್ರದೀಪ ಮೊದಲು ಮುಖ ಸಿಂಡರಿಸಿದ. ಎರಡು ದಿನ ಆಡಿ ನೋಡಿ, "ಇವ್ಳಿಲ್ದೆ ಆಗಾಕಿಲ್ಲ ಬುಡಕ್ಕ" ಎಂದ. ಓದುವವಳನ್ನು ಆಟಕ್ಕೆ ಹಾಕೋಣವೇ ಎಂದೂ ಕೇಳಿದ. ಬೇಡ ಎಂದೆ. ಅದನ್ನು ಮಾಡಿದ್ದು ಒಬ್ಬಳಿಗಾಗಿ, ಅವಳು ಆ ಭಾನುವಾರ ಹೋಗಲಿಲ್ಲ.

ಗೊಂಬೆ ಈಗ ನನ್ನ ಮೇಜಿನ ಮೇಲಿದೆ, ಹೊಸ ಬೆನ್ನಿನ ನೋಟ್‌ಪುಸ್ತಕಕ್ಕೆ ಒರಗಿಕೊಂಡು. ಎರಡು ಪದರ ರಟ್ಟು, ಅಂಚು ಒಂಚೂರೂ ಬಿಟ್ಟಿಲ್ಲ, ಅಷ್ಟು ಚೆನ್ನಾಗಿ ಅಂಟಿಸಿದ್ದಾರೆ. ತಂದ ದಿನ ಮೂಗಿಗೆ ಹಿಡಿದು ನೋಡಿದೆ, ಆ ಹುಳಿ ವಾಸನೆ ಎಲ್ಲಾದರೂ ಉಳಿದಿದೆಯೇನೋ ಎಂದು... ಉಳಿದಿರಲಿಲ್ಲ. ಬರೀ ಕಾಗದದ ವಾಸನೆ.